ತಿರುವಿಗೆ ಹುಟ್ಟಿದ ಬೈಕ್, ನೇರ ರಸ್ತೆಯ ಸೀಮೆ

ಸ್ಪೋರ್ಟ್ ಬೈಕ್ ಎಂದರೆ ಎಲ್ಲಕ್ಕಿಂತ ಜೋರಾಗಿ ಓಡುವ ಗಾಡಿ ಎಂಬ ಗ್ರಹಿಕೆ ಜನರಲ್ಲಿ ಬೇರೂರಿದೆಯಾದರೂ, ಆ ಯಂತ್ರದ ಒಂದೊಂದೇ ಭಾಗವನ್ನು ಬಿಡಿಸಿ ನೋಡುತ್ತ ಹೋದರೆ, ಅದನ್ನು ರೂಪಿಸಿದವರ ಕಣ್ಣು ನೇರ ಓಟಕ್ಕಿಂತ ಹೆಚ್ಚಾಗಿ ತಿರುವಿನ ಮೇಲೂ ತಿರುವಿಗೆ ಮುಂಚೆ ಹಿಡಿಯಬೇಕಾದ ಬ್ರೇಕಿನ ಮೇಲೂ ನೆಟ್ಟಿತ್ತೆಂಬುದು ತಿಳಿಯುತ್ತದೆ. ಮುಂಗಾಲಿಯ ಫೋರ್ಕಿನ ಎರಡು ಕೊಳವೆಗಳಿಗೆ ಬೇರೆಬೇರೆಯಾಗಿ ಬಿಗಿದ ತಗ್ಗಾದ ಹ್ಯಾಂಡಲ್ ಸವಾರನ ಮೈಭಾರವನ್ನು ಮುಂದಿನ ಟೈರಿನ ಮೇಲೆ ತಂದು ಹಾಕುತ್ತದೆ. ಹಿಂದಕ್ಕೆ ಮತ್ತು ಮೇಲಕ್ಕೆ ಸರಿಸಿ ಕೂರಿಸಿದ ಪಾದದ ಪೆಡಲುಗಳು, ಗಾಡಿ ಮಗ್ಗುಲಿಗೆ ವಾಲಿದಾಗ ನೆಲಕ್ಕೆ ಉಜ್ಜದಂತೆ ಜಾಗ ಬಿಡುತ್ತವೆ. ಮೈಗೆ ಹೊದಿಸಿದ ಪ್ಲಾಸ್ಟಿಕ್ ಕವಚ, ಅಂದರೆ ಫೇರಿಂಗ್, ಎದುರುಗಾಳಿಯನ್ನು ಸೀಳಿ ಸವಾರನ ಎದೆಗೆ ಬಡಿಯುವ ಒತ್ತಡವನ್ನು ಕಡಿಮೆ ಮಾಡುತ್ತದೆ. ಈ ಮೂರರಲ್ಲಿ ನೇರ ಓಟದ ಸೊತ್ತು ಫೇರಿಂಗ್ ಒಂದೇ ಆಗಿದ್ದು, ಉಳಿದೆರಡೂ ತಿರುವಿನವು.

ಇಂಥ ಯಂತ್ರ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಸಾಲಗುಂದದಂಥ ಊರಿಗೆ ಬಂದು ನಿಂತಾಗ ಒಂದು ವಿಚಿತ್ರ ಎದುರಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಈ ಬಯಲಿನಲ್ಲಿ ಘಾಟಿಗಳಿಲ್ಲ, ಹಾವಿನಂತೆ ಸುತ್ತುವ ರಸ್ತೆಗಳಿಲ್ಲ. ಜೇವರ್ಗಿಯಿಂದ ಚಾಮರಾಜನಗರದವರೆಗೆ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಪೋಣಿಸಿಕೊಂಡು ಸಿರುಗುಪ್ಪದತ್ತ ಹೋಗುವಾಗ ಬಹುಪಾಲು ನೇರವಾಗಿಯೇ ಸಾಗುತ್ತದೆ, ಮತ್ತು ಹಳ್ಳಿಗಳ ಒಳರಸ್ತೆಗಳು ಕಾಲುವೆ ಏರಿಯ ಜಾಡನ್ನೋ ಹೊಲದ ಗಡಿಯನ್ನೋ ಹಿಡಿದು, ತಿರುಗಬೇಕಾದಲ್ಲಿ ಮೂಲೆಮಟ್ಟದಂತೆ ಥಟ್ಟನೆ ತಿರುಗಿಬಿಡುತ್ತವೆ. ತಿರುವಿಗೆಂದೇ ಹುಟ್ಟಿದ ಗಾಡಿ ತಿರುವಿಲ್ಲದ ಸೀಮೆಯಲ್ಲಿ ತನ್ನ ಸಾಮರ್ಥ್ಯವನ್ನು ತೋರಿಸಬಹುದಾದ ದಾರಿ ಒಂದೇ, ಅದು ನೇರ ವೇಗ, ಎಂದು ಹದಿಹರೆಯದ ಸವಾರ ತೀರ್ಮಾನಿಸುವುದು ಸಹಜವೇ. ಆದರೆ ಈ ಸೀಮೆಯಲ್ಲಿ ಆ ಯಂತ್ರದಿಂದ ನಿಜವಾಗಿ ಒದಗುವ ಲಾಭ ಅದರ ಬ್ರೇಕು, ಹತೋಟಿ ಮತ್ತು ಟೈರಿನ ಹಿಡಿತ. ಈ ಮೂರೂ ಇಲ್ಲಿಯ ಬಿಸಿಲು, ದೂಳು, ಕೆಸರುಗಳಿಗೆ ಮೊದಲು ಬಲಿಯಾಗುವಂಥವು.

ಕರ್ನಾಟಕಕ್ಕೆ ಮೋಟಾರ್‌ಸೈಕಲ್ಲಿನ ಹುಚ್ಚು ಹೊಸತಲ್ಲ. 1960ರಲ್ಲಿ ಮೈಸೂರಿನಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಜಾವಾ ಹೆಸರಿನಲ್ಲಿ, ಅನಂತರ ಯೆಜ್ಡಿ ಹೆಸರಿನಲ್ಲಿ ಟೂ-ಸ್ಟ್ರೋಕ್ ಗಾಡಿಗಳನ್ನು ಹೊರತಂದು 1996ರಲ್ಲಿ ಬಾಗಿಲು ಮುಚ್ಚಿತು. ಗೇರ್ ಹಾಕುವ ಸಲಾಕೆಯನ್ನೇ ತಿರುಗಿಸಿ ಕಿಕ್ ಹೊಡೆಯುವ ಅದರ ಏರ್ಪಾಟನ್ನು ಹಳಬರು ಇಂದಿಗೂ ಕೈಯಾಡಿಸಿ ತೋರಿಸುತ್ತಾರೆ. 1985ರಿಂದ 1996ರವರೆಗೆ ಮಾರುಕಟ್ಟೆಯಲ್ಲಿದ್ದ 98 ಸಿಸಿಯ ಯಮಹಾ ಆರ್‌ಎಕ್ಸ್ 100, ತನ್ನ 11 ಅಶ್ವಶಕ್ತಿಯನ್ನು ನೂರು ಕಿಲೋ ಆಸುಪಾಸಿನ ಮೈಯಲ್ಲಿಟ್ಟುಕೊಂಡು, ಉತ್ತರ ಕರ್ನಾಟಕದ ಒಂದು ತಲೆಮಾರಿಗೆ ವೇಗದ ರುಚಿ ಹತ್ತಿಸಿತು. ರೇಸಿನ ಗಾಡಿಯ ಮೈಕಟ್ಟು ಹಳ್ಳಿಯ ಕೈಗೆಟುಕಿದ್ದು 2008ರಲ್ಲಿ ಬಂದ 149.8 ಸಿಸಿಯ ಯಮಹಾ ಆರ್15ರಿಂದ ಎನ್ನಬಹುದು. ಕನ್ನಡದ ಗಡಿಗೆ ಅಂಟಿಕೊಂಡಿರುವ ಹೊಸೂರಿನಲ್ಲಿ ಟಿವಿಎಸ್ ಕಂಪನಿ, 2013ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಜೊತೆ ಮಾಡಿಕೊಂಡ ಒಪ್ಪಂದದ ಫಲವಾಗಿ 312.2 ಸಿಸಿಯ ಎಂಜಿನ್ನನ್ನು ತಯಾರಿಸಿ, 2017ರ ಡಿಸೆಂಬರಿನಲ್ಲಿ ಅಪಾಚೆ ಆರ್‌ಆರ್ 310 ಎಂಬ ಪೂರ್ಣ ಫೇರಿಂಗಿನ ಗಾಡಿಯನ್ನು ಬಿಡುಗಡೆ ಮಾಡಿತು. ಆ ಎಂಜಿನ್ನಿನ ಸಿಲಿಂಡರು ಹಿಂದಕ್ಕೆ ವಾಲಿಕೊಂಡಿದ್ದು, ಗಾಳಿ ಮುಂದಿನಿಂದ ಒಳಹೊಕ್ಕು ಹೊಗೆ ಹಿಂದಿನಿಂದ ಹೊರಬೀಳುತ್ತದೆ. ಬೇರೆ ಬಹುತೇಕ ಗಾಡಿಗಳಲ್ಲಿ ಇದು ತಿರುಗುಮುರುಗು.

ಊರಿನ ಎಲ್ಲರ ಮನೆಯಲ್ಲೂ ಇರುವ ಸ್ಪ್ಲೆಂಡರ್ ಬೈಕಿನ ಪಕ್ಕದಲ್ಲಿ ಈ ಆರ್‌ಆರ್ 310 ಅನ್ನು ನಿಲ್ಲಿಸಿ ಹೋಲಿಸಿದರೆ ಪಾಲನೆಯ ಪ್ರಶ್ನೆ ಎಲ್ಲಿಂದ ಹುಟ್ಟುತ್ತದೆಂಬುದು ಸ್ಪಷ್ಟವಾಗುತ್ತದೆ. ಸ್ಪ್ಲೆಂಡರಿನ 97.2 ಸಿಸಿ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಿನಿಂದ ಕೆಳಕ್ಕೆ ಚಲಿಸುವ ದೂರ, ಅಂದರೆ ಸ್ಟ್ರೋಕ್, 49.5 ಮಿ.ಮೀ. ಇದ್ದು, ಅದು ನಿಮಿಷಕ್ಕೆ 8,000 ಸುತ್ತಿನಲ್ಲಿ ತನ್ನ ಹೆಚ್ಚಿನ ಶಕ್ತಿಯನ್ನು, ಸುಮಾರು 8 ಅಶ್ವಶಕ್ತಿಯನ್ನು, ಕೊಡುತ್ತದೆ. ಮೊದಲ ಆರ್‌ಆರ್ 310ರಲ್ಲಿ ಸ್ಟ್ರೋಕ್ 62.1 ಮಿ.ಮೀ., ಶಕ್ತಿ 34 ಪಿಎಸ್, ಅದು ದೊರೆಯುವುದು 9,700 ಸುತ್ತಿನಲ್ಲಿ. ಲೆಕ್ಕ ಹಾಕಿ ನೋಡಿದರೆ ಮೊದಲನೆಯದರಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 13 ಮೀಟರ್, ಎರಡನೆಯದರಲ್ಲಿ 20 ಮೀಟರ್. ಈ ಎರಡನೆಯದರಲ್ಲಿ ಒಂದು ಸೆಕೆಂಡಿನಲ್ಲಿ ಎಂಬತ್ತಕ್ಕೂ ಹೆಚ್ಚು ಸಲ ಸಿಲಿಂಡರಿನೊಳಗೆ ಪೆಟ್ರೋಲು ಹೊತ್ತಿ ಉರಿಯುತ್ತದೆ. ಇಷ್ಟು ಉರಿಯನ್ನು ಸಿಲಿಂಡರಿನ ಹೊರಮೈಯ ರೆಕ್ಕೆಗಳಿಗೆ ಬಡಿಯುವ ಗಾಳಿಯಿಂದಷ್ಟೇ ತಣಿಸಲಾಗದ್ದರಿಂದ ರೇಡಿಯೇಟರ್ ಬರುತ್ತದೆ, ಆಯಿಲಿನ ಮೇಲಿನ ಹೊರೆ ಏರುತ್ತದೆ, ಚೈನಿನ ಎಳೆತ ಹೆಚ್ಚುತ್ತದೆ. ಸ್ಪ್ಲೆಂಡರಿಗೆ ಮಾಡಿದ ಅಲಕ್ಷ್ಯ ವರ್ಷಗಟ್ಟಲೆ ಗೊತ್ತಾಗದೆ ಉಳಿಯಬಹುದು. ಈ ಯಂತ್ರ ಅದನ್ನು ಒಂದೇ ಬೇಸಿಗೆಯಲ್ಲಿ ಲೆಕ್ಕಕ್ಕೆ ತರುತ್ತದೆ.

ಬೇಸಿಗೆಯಲ್ಲಿ ಇಲ್ಲಿಯ ತಾಪಮಾನ 40 ಡಿಗ್ರಿ ದಾಟುವುದು ವಾಡಿಕೆಯಾದ್ದರಿಂದ ಕೂಲೆಂಟ್ ಎಂಬ ದ್ರವದ ವಿಷಯವನ್ನು ಸ್ವಲ್ಪ ವಿಸ್ತರಿಸುವುದು ಉಚಿತ. ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕವನ್ನು ಬಟ್ಟಿ ಇಳಿಸಿದ ನೀರಿಗೆ ಬೆರೆಸಿ, ತುಕ್ಕು ತಡೆಯುವ ಅಂಶಗಳನ್ನು ಸೇರಿಸಿದಾಗ ಕೂಲೆಂಟ್ ಆಗುತ್ತದೆ. ಅದು ಎಂಜಿನ್ನಿನ ಒಳಗೋಡೆಗಳ ಸುತ್ತ ಹರಿದು, ಬಿಸಿಯನ್ನು ಹೊತ್ತು ತಂದು, ರೇಡಿಯೇಟರಿನ ತೆಳು ತಗಡುಗಳ ಮೂಲಕ ಗಾಳಿಗೆ ಒಪ್ಪಿಸುತ್ತದೆ. ಅರ್ಧಕ್ಕರ್ಧ ಬೆರೆಸಿದ ದ್ರವ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಯಲ್ಲಿ ಕುದಿಯುವುದಾದರೂ, ರೇಡಿಯೇಟರಿನ ಮುಚ್ಚಳ ಕುಕ್ಕರಿನಂತೆ ಒತ್ತಡ ಹಿಡಿದಿಡುವುದರಿಂದ ಆ ಮಟ್ಟ ಇನ್ನೂ ಮೇಲೇರುತ್ತದೆ, ಮತ್ತು ಇದೇ ಕಾರಣಕ್ಕೆ ಬಿಸಿ ಎಂಜಿನ್ನಿನ ಮುಚ್ಚಳ ತೆರೆದವರು ಮುಖ ಸುಟ್ಟುಕೊಳ್ಳುತ್ತಾರೆ. ದ್ರವ ಕಡಿಮೆಯಾಯಿತೆಂದು ಬೋರ್‌ವೆಲ್ ನೀರನ್ನು ಸುರಿಯುವ ಅಭ್ಯಾಸ ಇಲ್ಲಿ ಬಲು ಹಾನಿಕರ. ಸ್ನಾನದ ಮನೆಯ ಹಂಡೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟಿಸುವ ಲವಣಗಳೇ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕೂತು ಹರಿವನ್ನು ಕಟ್ಟಿಹಾಕುತ್ತವೆ. ಹೊರಗಡೆಯ ಶತ್ರು ಬೇರೆ. ಸುಗ್ಗಿಯ ದಿನಗಳಲ್ಲಿ ಗಾಳಿಯಲ್ಲಿ ತೇಲುವ ಭತ್ತದ ಹೊಟ್ಟು ರೇಡಿಯೇಟರಿನ ಜಾಳಿಗೆಯಲ್ಲಿ ಸಿಕ್ಕಿ, ಅದರ ಮೇಲೆ ಎರೆಮಣ್ಣಿನ ದೂಳು ಮೆತ್ತಿ, ಒಂದು ಮಳೆ ಬಿದ್ದೊಡನೆ ಗೋಡೆಗೆ ಮೆತ್ತಿದ ಗಾರೆಯಂತೆ ಗಟ್ಟಿಯಾಗುತ್ತದೆ. ಅದನ್ನು ವಾಟರ್ ಸರ್ವಿಸಿನ ಜೋರು ಧಾರೆಯಿಂದ ಹಾರಿಸಲು ಹೋದರೆ ತಗಡಿನ ಎಸಳುಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಮನೆಯ ನಲ್ಲಿಯ ಮೆಲುಧಾರೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷೇ ಸಾಕು.

ದೂಳಿನ ಇನ್ನೊಂದು ದಾರಿ ಏರ್ ಫಿಲ್ಟರ್. ಒಣಗಿದ ಎರೆಮಣ್ಣು ಗಾಡಿಗಳ ಚಕ್ರಕ್ಕೆ ಸಿಕ್ಕಿ ಹಿಟ್ಟಿನಷ್ಟು ನಯವಾಗುತ್ತದೆಯಾದ್ದರಿಂದ, ಕಂಪನಿಯ ಕೈಪಿಡಿ ಹೇಳಿದ ಕಿಲೋಮೀಟರಿಗೆ ಕಾಯದೆ ಇಲ್ಲಿ ಫಿಲ್ಟರನ್ನು ಮೊದಲೇ ಬದಲಿಸುವುದು ಲೇಸು. ಕಾಗದದ ಫಿಲ್ಟರನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆಯುವುದಂತೂ ಸಲ್ಲದು. ಎಂಜಿನ್ ಆಯಿಲಿನ ವಿಷಯದಲ್ಲಿ ಟ್ರ್ಯಾಕ್ಟರುಗಳ ಸೀಮೆಗೆ ವಿಶಿಷ್ಟವಾದ ಒಂದು ತಪ್ಪು ನಡೆಯುತ್ತದೆ. ಮನೆಯಲ್ಲಿ ಟ್ರ್ಯಾಕ್ಟರಿಗೆಂದು ತಂದ ಆಯಿಲಿನ ಡಬ್ಬಿ ಇದ್ದೇ ಇರುತ್ತದೆ, ಎಂಜಿನ್ ಎಂದ ಮೇಲೆ ಎಲ್ಲವೂ ಒಂದೇ ಎಂಬ ತರ್ಕದಲ್ಲಿ ಅದನ್ನೇ ಬೈಕಿಗೂ ಸುರಿಯಲಾಗುತ್ತದೆ. ಆದರೆ ಟ್ರ್ಯಾಕ್ಟರಿನ ಕ್ಲಚ್ ಎಂಜಿನ್ನಿನ ಆಯಿಲಿನಿಂದ ಬೇರೆಯಾಗಿರುತ್ತದೆ; ಬೈಕಿನಲ್ಲೋ ಎಂಜಿನ್, ಗೇರ್‌ಬಾಕ್ಸ್ ಮತ್ತು ಕ್ಲಚ್ ಫಲಕಗಳು ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಆಯಿಲು ಪಿಸ್ಟನ್ನಿಗೆ ಜಾರಿಕೆ ಒದಗಿಸಬೇಕು, ಆದರೆ ಕ್ಲಚ್ಚನ್ನು ಜಾರಿಸಬಾರದು. ಈ ಎರಡೂ ಕೆಲಸಕ್ಕೆ ಹೊಂದುವ ಆಯಿಲಿನ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂಬ ಗುರುತಿರುತ್ತದೆ, ಅದು ಜಪಾನಿನ ವಾಹನ ಮಾನದಂಡ ಸಂಸ್ಥೆ ನಿಗದಿಪಡಿಸಿದ ದರ್ಜೆ.

ಪಾಲನೆಯ ನಿಜವಾದ ಪರೀಕ್ಷೆ ಚೈನಿನದು. ಸ್ಪ್ಲೆಂಡರಿನ ಚೈನು ಪೂರ್ತಿ ಮುಚ್ಚಿದ ತಗಡಿನ ಪೆಟ್ಟಿಗೆಯೊಳಗೆ ಸುಖವಾಗಿರುತ್ತದೆ. ಸ್ಪೋರ್ಟ್ ಬೈಕಿನ ಚೈನು ತೂಕ ಉಳಿಸುವ ಸಲುವಾಗಿ ಬಯಲಿಗೆ ಬಿದ್ದಿರುತ್ತದೆ. ಆರ್‌ಆರ್ 310ರಂಥ ಗಾಡಿಗಳ ಚೈನಿನ ಮೇಲೆ ಕೊರೆದ 520 ಎಂಬ ಸಂಖ್ಯೆಯಲ್ಲಿ ಮೊದಲ ಅಂಕಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ಅಂತರವನ್ನು, ಎಂದರೆ 15.875 ಮಿ.ಮೀ. ಅನ್ನು, ಉಳಿದೆರಡು ಅಂಕಿಗಳು 6.35 ಮಿ.ಮೀ. ಒಳ ಅಗಲವನ್ನು ಸೂಚಿಸುತ್ತವೆ. ಪ್ರತಿ ಪಿನ್ನಿನ ಸುತ್ತ ಕಾರ್ಖಾನೆಯಲ್ಲೇ ತುಂಬಿದ ಗ್ರೀಸ್ ಇದ್ದು, ಅದು ಹೊರಗೆ ಸೋರದಂತೆ, ಹೊರಗಿನ ಮಣ್ಣು ಒಳನುಗ್ಗದಂತೆ ಸಣ್ಣ ರಬ್ಬರ್ ಉಂಗುರಗಳು ಕಾಯುತ್ತವೆ. ಓ-ರಿಂಗ್ ಚೈನ್ ಎಂಬ ಹೆಸರು ಬಂದದ್ದು ಈ ಉಂಗುರಗಳಿಂದಲೇ. ಚೈನು ಉದ್ದವಾಯಿತು ಎಂದು ಮೆಕ್ಯಾನಿಕ್ ಹೇಳಿದಾಗ ಉಕ್ಕು ರಬ್ಬರಿನಂತೆ ಹಿಗ್ಗಿದೆ ಎಂದರ್ಥವಲ್ಲ, ನೂರಕ್ಕೂ ಮಿಕ್ಕ ಪಿನ್ನುಗಳು ಒಂದೊಂದೂ ಕೂದಲೆಳೆಯಷ್ಟು ಸವೆದು, ಆ ಸವೆತಗಳೆಲ್ಲ ಕೂಡಿ ಉದ್ದವಾಗಿ ಕಾಣಿಸಿಕೊಂಡಿವೆ ಎಂದರ್ಥ. ಆದ್ದರಿಂದ ಪೆಟ್ರೋಲಿನಿಂದಲೋ ತಂತಿಯ ಬ್ರಷ್ಷಿನಿಂದಲೋ ಉಜ್ಜಿ ಆ ರಬ್ಬರನ್ನು ಹಾಳುಮಾಡಿದವನ ಚೈನು ಹೊರಗೆ ಬೆಳ್ಳಗೆ ಹೊಳೆಯುತ್ತಲೇ ಒಳಗೆ ಸಾಯುತ್ತಿರುತ್ತದೆ.

ಈ ಕೆಲಸದ ಕ್ರಮ ಹೀಗಿದೆ: ಹಿಂಗಾಲಿಯನ್ನು ಸ್ಟ್ಯಾಂಡಿನ ಮೇಲೆತ್ತಿ, ಎಂಜಿನ್ ಬಂದ್ ಮಾಡಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಚಕ್ರವನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸುತ್ತ, ಚೈನ್ ಕ್ಲೀನರ್ ಸಿಂಪಡಿಸಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಚೈನಿನ ಒಳಮಗ್ಗುಲಿಗೆ ಲೂಬ್ ಹಾಕಬೇಕು; ಒಳಮಗ್ಗುಲಿಗೆ ಏಕೆಂದರೆ ಓಡುವಾಗ ಸುತ್ತುವ ರಭಸಕ್ಕೆ ಅದು ತಾನಾಗಿ ಹೊರಮಗ್ಗುಲಿಗೆ ಹರಡುತ್ತದೆ. ಕೈಯಿಂದ ತಿರುಗಿಸುವ ಸೋಮಾರಿತನಕ್ಕೆ ಎಂಜಿನ್ ಚಾಲೂ ಮಾಡಿ ಮೊದಲ ಗೇರಿನಲ್ಲಿ ಚೈನು ಓಡುತ್ತಿರುವಾಗ ಬಟ್ಟೆ ಹಿಡಿಯುವವರುಂಟು; ಬಟ್ಟೆಯ ಎಳೆಯೊಂದು ಸ್ಪ್ರಾಕೆಟ್ಟಿನ ಹಲ್ಲಿಗೆ ಸಿಕ್ಕಿತೆಂದರೆ ಬೆರಳು ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಸುಮಾರು 500 ಕಿ.ಮೀ.ಗೊಮ್ಮೆ ಲೂಬ್ ಎಂಬುದು ಸಾಮಾನ್ಯ ರೂಢಿಯಾದರೂ, ನಾಟಿಯ ಕಾಲದ ಕೆಸರಿನಲ್ಲಿ ಓಡಿದ ಗಾಡಿಗೆ ಅಂದಿನ ಸಂಜೆಯೇ ಅದು ಬೇಕು. ಹಳೆಯ ಎಂಜಿನ್ ಆಯಿಲನ್ನು ಚೈನಿಗೆ ಸುರಿಯುವ ಊರ ಪದ್ಧತಿ ಒಣ ಚೈನಿಗಿಂತ ವಾಸಿ ಎಂದು ಕಂಡರೂ, ಆ ಜಿಡ್ಡಿಗೆ ಅಂಟುವ ದೂಳು ಸಾಣೆಕಲ್ಲಿನ ಕೆಲಸ ಮಾಡುತ್ತದೆ. ಚೈನಿನ ಸಡಿಲ ಎಷ್ಟಿರಬೇಕೆಂಬುದನ್ನು ಹಿಂಗಾಲಿಯ ತೋಳಿನ ಮೇಲಿನ ಚೀಟಿಯಲ್ಲಿ ಮಿ.ಮೀ. ಲೆಕ್ಕದಲ್ಲಿ ಬರೆದಿರುತ್ತಾರೆ, ಅದಕ್ಕಿಂತ ಬಿಗಿ ಮಾಡಿದರೆ, ಹಂಪ್ಸ್ ಹಾರಿ ಹಿಂಗಾಲಿ ಮೇಲೆದ್ದಾಗ ಚೈನು ತಂತಿಯಂತೆ ಸೆಟೆದು ಗೇರ್‌ಬಾಕ್ಸಿನ ಬೇರಿಂಗನ್ನು ಎಳೆಯುತ್ತದೆ. ಹಿಂದಿನ ಸ್ಪ್ರಾಕೆಟ್ಟಿನ ತುದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಿ, ಅರ್ಧ ಹಲ್ಲು ಕಾಣಿಸುವಷ್ಟು ಅದು ಎದ್ದು ಬಂದರೆ ಚೈನು ಮತ್ತು ಎರಡೂ ಸ್ಪ್ರಾಕೆಟ್ಟುಗಳನ್ನು ಒಟ್ಟಿಗೆ ಬದಲಿಸಬೇಕು. ಹೊಸ ಚೈನನ್ನು ಹಳೆಯ ಹಲ್ಲುಗಳ ಮೇಲೆ ಓಡಿಸುವುದು ದುಡ್ಡನ್ನು ಕಾಲುವೆಗೆ ಎಸೆದಂತೆ.

ಟೈರಿನ ಮಾತಿಗೆ ಬಂದರೆ, ಅಂಗೈಯಗಲದ ಎರಡು ರಬ್ಬರಿನ ತುಣುಕುಗಳಷ್ಟೇ ಯಾವ ಕ್ಷಣದಲ್ಲೂ ನೆಲಕ್ಕೆ ತಾಗಿರುತ್ತವೆ ಎಂಬ ಒಂದು ಸಂಗತಿ ಸಾಕು. ಸ್ಪೋರ್ಟ್ ಟೈರು ಮೆದು ರಬ್ಬರಿನದಾದ್ದರಿಂದ ಹಿಡಿತ ಹೆಚ್ಚು, ಬಾಳಿಕೆ ಕಡಿಮೆ. ನೇರ ರಸ್ತೆಯಲ್ಲೇ ಓಡುವ ಈ ಸೀಮೆಯ ಗಾಡಿಗಳಲ್ಲಿ ನಡುಭಾಗ ಚಪ್ಪಟೆಯಾಗಿ ಸವೆದು, ಮಗ್ಗುಲುಗಳು ಹೊಸದರಂತೆಯೇ ಉಳಿದುಬಿಡುತ್ತವೆ, ಮತ್ತು ಆ ಸವೆತದ ಅಂಚು ಗಾಡಿ ವಾಲುವಾಗ ಒಂದು ಮೆಟ್ಟಿಲಿನಂತೆ ಅಡ್ಡ ಬರುತ್ತದೆ. ಟೈರಿನ ಮಗ್ಗುಲಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ, 2323 ಎಂದಿದ್ದರೆ 2023ರ 23ನೇ ವಾರ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಮೀಟರಿಗಿಂತ ಮೊದಲು ಇದನ್ನು ಓದುವುದು ಒಳ್ಳೆಯದು. ಗಾಳಿಯ ಒತ್ತಡವನ್ನು ಬೆಳಗ್ಗೆ ಟೈರು ತಣ್ಣಗಿರುವಾಗಲೇ ನೋಡಬೇಕು. ಏಪ್ರಿಲ್ಲಿನ ಮಧ್ಯಾಹ್ನ ಕಾದ ಡಾಂಬರಿನ ಮೇಲೆ ಓಡಿ ಬಂದ ಟೈರಿನಲ್ಲಿ ಒತ್ತಡ ಏರಿರುತ್ತದೆ, ಅದು ಹೆಚ್ಚಾಯಿತೆಂದು ಗಾಳಿ ಬಿಟ್ಟವರ ಟೈರು ಮರುದಿನ ಬೆಳಗ್ಗೆ ಕಡಿಮೆ ಗಾಳಿಯಲ್ಲಿ ನಿಂತಿರುತ್ತದೆ.

ಬ್ರೇಕಿನ ವಿಷಯದಲ್ಲಿ ಹಳ್ಳಿಗಳಲ್ಲಿ ಒಂದು ಗಟ್ಟಿ ನಂಬಿಕೆಯಿದೆ: ಮುಂದಿನ ಬ್ರೇಕ್ ಹಿಡಿದರೆ ಗಾಡಿ ಪಲ್ಟಿ ಹೊಡೆಯುತ್ತದೆ, ಆದ್ದರಿಂದ ಕಾಲಿನ ಬ್ರೇಕನ್ನಷ್ಟೇ ಒತ್ತಬೇಕು. ಈ ನಂಬಿಕೆ ಅರ್ಧ ನಿಜ. ಗಾಡಿ ನಿಧಾನಗೊಳ್ಳುವಾಗ ಅದರ ಮತ್ತು ಸವಾರನ ಭಾರ ಮುಂದಕ್ಕೆ ಜರುಗಿ, ಮುಂದಿನ ಟೈರು ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಾಗಾಗಿ ಒಣ ಡಾಂಬರಿನ ಮೇಲೆ ನೇರವಾಗಿ ಓಡುವಾಗ ಗಾಡಿಯನ್ನು ನಿಲ್ಲಿಸುವ ಕೆಲಸದ ಬಹುಪಾಲನ್ನು ಮುಂದಿನ ಬ್ರೇಕೇ ಮಾಡುತ್ತದೆ, ಅದರ ಡಿಸ್ಕು ಹಿಂದಿನದಕ್ಕಿಂತ ದೊಡ್ಡದಾಗಿರುವುದೂ ಇದಕ್ಕೇ. ಲಿವರನ್ನು ಒಮ್ಮೆಗೇ ಕಚ್ಚಿ ಹಿಡಿದರೆ ಭಾರ ಮುಂದಕ್ಕೆ ಬರುವ ಮೊದಲೇ ಚಕ್ರ ನಿಂತು ಜಾರುತ್ತದೆ. ಮೊದಲು ಮೆಲ್ಲನೆ ಒತ್ತಿ, ಫೋರ್ಕು ತಗ್ಗಿದ್ದನ್ನು ಕೈ ಅರಿತ ಮೇಲೆ ಬಿಗಿ ಹೆಚ್ಚಿಸುವುದು ಸರಿಯಾದ ರೀತಿ. ನಂಬಿಕೆಯ ನಿಜವಾದ ಅರ್ಧ ಇರುವುದು ರಸ್ತೆಯ ಮೇಲ್ಮೈಯಲ್ಲಿ. ಸುಗ್ಗಿ ಬಂದಾಗ ರಸ್ತೆಯ ಅರ್ಧ ಅಗಲಕ್ಕೆ ಭತ್ತವನ್ನು, ಇಲ್ಲಿಯವರ ಬಾಯಲ್ಲಿ ನೆಲ್ಲನ್ನು, ಒಣಗಲು ಹರವಿ, ಅಂಚಿಗೆ ಕಲ್ಲುಗಳನ್ನು ಜೋಡಿಸಿರುತ್ತಾರೆ. ಡಾಂಬರು ಮತ್ತು ಟೈರಿನ ನಡುವೆ ಹೊಕ್ಕ ಕಾಳುಗಳು ಬೇರಿಂಗಿನ ಗುಂಡುಗಳಂತೆ ಉರುಳಿಬಿಡುತ್ತವೆ. ನಾಟಿಗೆ ಮುಂಚೆ ಗದ್ದೆಯನ್ನು ಕಲಸಲು ಟ್ರ್ಯಾಕ್ಟರಿಗೆ ತೊಡಿಸುವ ಕೇಜ್‌ವ್ಹೀಲ್, ಅಂದರೆ ಕಬ್ಬಿಣದ ಪಟ್ಟಿಗಳ ಪಂಜರದಂಥ ಗಾಲಿ, ರಸ್ತೆಗೆ ಬಂದಾಗ ಡಾಂಬರನ್ನು ಕಿತ್ತು ಗೆರೆ ಕೊರೆಯುವುದಷ್ಟೇ ಅಲ್ಲದೆ ಹೆಂಟೆ ಹೆಂಟೆ ಎರೆಮಣ್ಣನ್ನು ಉದುರಿಸಿ ಹೋಗುತ್ತದೆ; ಒಂದು ತುಂತುರು ಬಿದ್ದರೆ ಸಾಕು, ಅದು ಬೆಣ್ಣೆ. 2018ರ ಏಪ್ರಿಲ್‌ನಿಂದ ಹೊಸ ಮಾದರಿಗಳಿಗೂ 2019ರ ಏಪ್ರಿಲ್‌ನಿಂದ ಎಲ್ಲ ಮಾದರಿಗಳಿಗೂ 125 ಸಿಸಿಗಿಂತ ಮೇಲೆ ಕಡ್ಡಾಯವಾದ ಎಬಿಎಸ್, ಚಕ್ರ ನಿಂತುಹೋಗುವ ಸೂಚನೆ ಸಿಕ್ಕೊಡನೆ ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿದು ಜಾರಿಕೆಯನ್ನು ತಡೆಯುತ್ತದೆಯೇ ಹೊರತು, ಇಲ್ಲದ ಹಿಡಿತವನ್ನು ಹುಟ್ಟಿಸಲಾರದು. ನೆಲ್ಲಿನ ಮೇಲೆ ಅದು ಬ್ರೇಕನ್ನು ಬಿಡುತ್ತಲೇ ಹೋಗುತ್ತದೆ, ಗಾಡಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಬ್ರೇಕ್ ಆಯಿಲ್ ಎಂದು ಕರೆಯಲಾಗುವ ದ್ರವ ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದಿರಬೇಕು, ನೀರು ಹೀರಿಕೊಂಡದ್ದಕ್ಕೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆದ್ದರಿಂದ ಮಟ್ಟ ಸರಿಯಿದ್ದರೂ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕಾಗುತ್ತದೆ.

ವೇಗದ ಲೆಕ್ಕ ಇಲ್ಲಿಯ ರಾತ್ರಿಗಳಿಗೆ ಅನ್ವಯಿಸುವ ರೀತಿಯನ್ನು ನೋಡಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಕಣ್ಣು ಕಂಡದ್ದನ್ನು ಕೈ ಕೇಳಲು ಒಂದು ಸೆಕೆಂಡ್ ಹಿಡಿದರೆ ಗಾಡಿ ಅಷ್ಟರಲ್ಲಿ 14 ಮೀಟರ್ ಹೋಗಿರುತ್ತದೆ, ಒಳ್ಳೆಯ ಬ್ರೇಕಿಗೆ ನಿಲ್ಲಲು ಇನ್ನೂ 14 ಮೀಟರ್ ಬೇಕು, 100 ಕಿ.ಮೀ. ವೇಗದಲ್ಲಿ ಮೊದಲನೆಯದು 28 ಮೀಟರಾಗುತ್ತದೆ, ಎರಡನೆಯದು ಇಮ್ಮಡಿಯಾಗದೆ ನಾಲ್ಮಡಿಯಾಗಿ 55 ಮೀಟರಾಗುತ್ತದೆ. ಒಟ್ಟು 83 ಮೀಟರ್. ಡಿಮ್ ಹಾಕಿದ ಹೆಡ್‌ಲೈಟ್ ಅಷ್ಟು ದೂರವನ್ನು ಬೆಳಗುವುದಿಲ್ಲ. ಹುಲ್ಲು ಹೇರಿಕೊಂಡು, ಹಿಂದೆ ದೀಪವಾಗಲಿ ಕೆಂಪು ರಿಫ್ಲೆಕ್ಟರ್ ಆಗಲಿ ಇಲ್ಲದೆ, ಮಣ್ಣಿನದೇ ಬಣ್ಣ ತಳೆದು ಸಾಗುವ ಟ್ರೈಲರು ಸವಾರನಿಗೆ ಕಾಣಿಸುವ ಹೊತ್ತಿಗೆ ಲೆಕ್ಕ ಮುಗಿದಿರುತ್ತದೆ. ಎಂಜಿನ್ನಿನ ಶಕ್ತಿಗೂ ಈ ಲೆಕ್ಕಕ್ಕೂ ಯಾವ ಸಂಬಂಧವೂ ಇಲ್ಲ, ಸ್ಪ್ಲೆಂಡರಾದರೂ ಅಷ್ಟೇ. ಸ್ಪೋರ್ಟ್ ಬೈಕಿನ ವಿಶೇಷವೆಂದರೆ ಆ 100 ಕಿ.ಮೀ. ಅದರ ಮೇಲೆ ಕೂತವನಿಗೆ 60ರಂತೆ ಭಾಸವಾಗುವುದು.

ತಿರುವಿನ ಗಣಿತವೂ ಇದೇ ಜಾತಿಯದು. 50 ಮೀಟರ್ ತ್ರಿಜ್ಯದ ತಿರುವನ್ನು 40 ಕಿ.ಮೀ. ವೇಗದಲ್ಲಿ ದಾಟಲು ಗಾಡಿ ಸುಮಾರು 14 ಡಿಗ್ರಿ ವಾಲಿದರೆ ಸಾಕು, 60ಕ್ಕೆ ಸುಮಾರು 30 ಡಿಗ್ರಿ, 80ಕ್ಕೆ 45 ಡಿಗ್ರಿ. ಒಳ್ಳೆಯ ಟೈರು ಒಣ ಡಾಂಬರಿನ ಮೇಲೆ ಈ ಕೊನೆಯ ಕೋನದ ಹತ್ತಿರ ತನ್ನ ಹಿಡಿತದ ಅಂಚನ್ನು ಮುಟ್ಟುತ್ತದೆ. ಮರಳೋ ಕೆಸರೋ ಇದ್ದರೆ 20 ಡಿಗ್ರಿಯೂ ಜಾಸ್ತಿ. ಗಾಡಿಯನ್ನು ವಾಲಿಸುವ ಕ್ರಮ ಹೊಸಬರಿಗೆ ವಿಚಿತ್ರವೆನಿಸುವಂಥದು: ಬಲಕ್ಕೆ ಹೋಗಬೇಕಾದರೆ ಬಲಗೈಯ ಹ್ಯಾಂಡಲನ್ನು ಮೆಲ್ಲನೆ ಮುಂದಕ್ಕೆ ತಳ್ಳಬೇಕು, ಮುಂಗಾಲಿ ಕ್ಷಣಮಾತ್ರ ಎಡಕ್ಕೆ ಹೊರಳಿ, ಅದರ ಫಲವಾಗಿ ಮೈ ಬಲಕ್ಕೆ ವಾಲುತ್ತದೆ. ಸೈಕಲ್ ಬಲ್ಲವರೆಲ್ಲ ಇದನ್ನು ಅರಿವಿಲ್ಲದೆ ಮಾಡುತ್ತಿರುತ್ತಾರಾದರೂ, ಅರಿತು ಮಾಡಿದಾಗ ಮಾತ್ರ ಎದುರಿಗೆ ಅಡ್ಡಬಂದ ಎಮ್ಮೆಯನ್ನು ತಪ್ಪಿಸುವಷ್ಟು ಚುರುಕು ಬರುತ್ತದೆ. ಈ ಅಭ್ಯಾಸಕ್ಕೆ ತಕ್ಕ ಜಾಗ ಸಾರ್ವಜನಿಕ ರಸ್ತೆಯಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈನ ರೇಸ್ ಟ್ರ್ಯಾಕ್, ಕೊಯಮತ್ತೂರಿನ ಕರಿ ಸ್ಪೀಡ್‌ವೇಗಳಿರುವುದು ಇದಕ್ಕಾಗಿಯೇ, ಸಾಲಗುಂದದಿಂದ ಅವು ದೂರವೆಂಬುದು ನಿಜವಾದರೂ. 2015ರಲ್ಲಿ ಡಕಾರ್ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿ, ಹಾಗೆ ಮುಗಿಸಿದ ಮೊದಲ ಭಾರತೀಯರೆನಿಸಿದ ಸಿ.ಎಸ್. ಸಂತೋಷ್ ಮತ್ತು 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದ ಐಶ್ವರ್ಯಾ ಪಿಸ್ಸೆ, ಇಬ್ಬರೂ ಬೆಂಗಳೂರಿನವರು, ಹೆಸರು ಮಾಡಿದ್ದು ಕಲ್ಲು, ಮಣ್ಣು, ಮರಳಿನ ದಾರಿಗಳಲ್ಲಿ. ದೂಳಿನ ಸೀಮೆಯ ಸವಾರರಿಗೆ ಸರ್ಕಿಟ್ ರೇಸಿಗಿಂತ ಇವರ ಮಾರ್ಗವೇ ಹತ್ತಿರದ್ದೆಂದು ತೋರುತ್ತದೆ.

ಸ್ಪೋರ್ಟ್ ಬೈಕಿನ ಹೊಟ್ಟೆ ಹಂಪ್ಸಿಗೆ ತಾಗುತ್ತದೆ ಎಂಬ ದೂರು ಎಲ್ಲೆಡೆ ಕೇಳುತ್ತದೆ, ಆದರೆ ನೆಲದಿಂದ ಆರ್‌ಆರ್ 310 ಇರುವ ಎತ್ತರ 180 ಮಿ.ಮೀ., ಸ್ಪ್ಲೆಂಡರಿನದು 165. ತೊಂದರೆ ಎತ್ತರದ್ದಲ್ಲ, ಬಿರುಸಾದ ಸಸ್ಪೆನ್ಷನ್ನಿನದು ಮತ್ತು ಮುಂದಕ್ಕೆ ಬಾಗಿದ ಭಂಗಿಯದು. ಪ್ರತಿ ಗುಂಡಿಯೂ ಮಣಿಕಟ್ಟಿಗೆ ಬಡಿಯುತ್ತದೆ. ತೊಡೆಗಳಿಂದ ಟ್ಯಾಂಕನ್ನು ಅವುಚಿಕೊಂಡು ಬೆನ್ನಿನ ಬಲದಲ್ಲಿ ಮೈಯನ್ನು ಎತ್ತಿ ಹಿಡಿದರೆ ಕೈ ಹಗುರಾಗುತ್ತದೆ. ಹಿಂದಿನ ಸೀಟು ಹೆಸರಿಗೆ ಮಾತ್ರ ಇದೆಯೆಂಬಂತೆ ಕಿರಿದಾಗಿ ಎತ್ತರದಲ್ಲಿದ್ದು, 45 ಕಿಲೋ ಯೂರಿಯಾ ಚೀಲವನ್ನಾಗಲಿ, ಹಾಲಿನ ಕ್ಯಾನನ್ನಾಗಲಿ, ಸೀರೆಯುಟ್ಟು ಒಂದೇ ಮಗ್ಗುಲಿಗೆ ಕೂರುವ ತಾಯಿಯನ್ನಾಗಲಿ ಒಪ್ಪಿಕೊಳ್ಳುವುದಿಲ್ಲ. ಲಕ್ಷಗಟ್ಟಲೆ ಕೊಟ್ಟು ತಂದ ಗಾಡಿ ಗೊಬ್ಬರ ತರಲಿಕ್ಕೆ ಬರುವುದಿಲ್ಲವೆಂಬ ಹಿರಿಯರ ಬೆರಗಿಗೆ ಉತ್ತರ ಕೊಡುವುದು ಕಷ್ಟ. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟಿನ ಮಾರಾಟ 2021ರ ಜೂನ್‌ನಿಂದ ಕಾನೂನುಬಾಹಿರ. ಆದರೂ ಸೆಕೆಗೆ ಅಂಜಿ ಗಲ್ಲ ಮುಚ್ಚದ ಅರೆ ಹೆಲ್ಮೆಟ್ಟನ್ನೇ ತೊಡುವವರು ಹೆಚ್ಚು. ಜಾಳಿಗೆ ಬಟ್ಟೆಯ, ಮೊಣಕೈ ಹೆಗಲಿಗೆ ಗಟ್ಟಿ ಪಟ್ಟಿಯಿರುವ ಜಾಕೆಟ್ ಈ ಬಿಸಿಲಿಗೆ ಹೊಂದುತ್ತದೆ, ಓಡುವಾಗ ಗಾಳಿಯೂ ಆಡುತ್ತದೆ.

ಕೊಳ್ಳುವಾಗಿನ ಲೆಕ್ಕದಲ್ಲಿ ಸಿಸಿ ಎಂಬ ಅಂಕಿ ಕಾಣದ ಕೈಗಳಿಂದ ದುಡ್ಡು ಎಣಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಅದಕ್ಕಿಂತ ಮೇಲಿನವುಗಳದು ಶೇ 40ಕ್ಕೆ ಏರಿತು. ಆದ್ದರಿಂದ 312 ಸಿಸಿಯ ಗಾಡಿಗೂ 373 ಸಿಸಿಯದಕ್ಕೂ ನಡುವಿನ ಅಂತರ ಎಂಜಿನ್ನಿಗಿಂತ ತೆರಿಗೆಯಲ್ಲೇ ಹೆಚ್ಚು. 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ವಿಮೆಯ ವಾರ್ಷಿಕ ಕಂತು 75ರಿಂದ 150 ಸಿಸಿವರೆಗೆ 714 ರೂಪಾಯಿ, 350ರವರೆಗೆ 1,366, ಅದರಾಚೆ 2,804. ಮೊದಲ ಆರ್15 ತನ್ನ 149.8 ಸಿಸಿಯಿಂದ ಕೆಳದರ್ಜೆಯಲ್ಲಿ ಉಳಿಯಿತು, 155 ಸಿಸಿಯ ಇಂದಿನದು ಐದು ಸಿಸಿಯ ಕಾರಣಕ್ಕೆ ಮೇಲಿನ ದರ್ಜೆಗೆ ಸೇರಿತು. ಇದಕ್ಕೆ ಟೈರು, ಚೈನ್ ಸೆಟ್, ಹೆಲ್ಮೆಟ್ಟು, ಜಾಕೆಟ್ಟುಗಳನ್ನೂ ಕೂಡಿಸಿ, ಒಡೆದ ಫೇರಿಂಗಿನ ಒಂದು ಮಗ್ಗುಲಿಗೆ ಎಷ್ಟಾಗುತ್ತದೆಂದು ಷೋರೂಮಿನಲ್ಲಿ ಮೊದಲೇ ಕೇಳಿಕೊಳ್ಳುವುದು ಜಾಣತನ, ಅಧಿಕೃತ ಸರ್ವಿಸ್ ಎಷ್ಟು ದೂರದಲ್ಲಿ ಸಿಗುತ್ತದೆಂಬುದನ್ನೂ. ಹದಿನೆಂಟು ತುಂಬದ ಮಗನಿಗೆ ಕೀಲಿ ಕೊಡುವ ತಂದೆತಾಯಿಗಳಿಗೆ ಮೋಟಾರು ವಾಹನ ಕಾಯಿದೆಯ 199ಎ ಕಲಮು ಗೊತ್ತಿರಬೇಕು: ಬಾಲಕ ತಪ್ಪೆಸಗಿದರೆ ಪಾಲಕರಿಗೋ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಬಾಲಕನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಸೈಲೆನ್ಸರ್ ಬದಲಿಸಿ ಊರಿಗೇ ಕೇಳಿಸುವಂತೆ ಸದ್ದೆಬ್ಬಿಸುವುದು ಕಾನೂನಿಗೆ ವಿರುದ್ಧವಷ್ಟೇ ಅಲ್ಲ, ಇಂಧನದ ಹದವನ್ನು ಕಂಪ್ಯೂಟರಿನಿಂದ ಅಳೆಯುವ ಇಂದಿನ ಎಂಜಿನ್ನಿನಲ್ಲಿ ಆ ಹದವನ್ನು ಕೆಡಿಸಿ, ಶಕ್ತಿಯನ್ನು ಹಲವು ಸಲ ಕುಗ್ಗಿಸುತ್ತದೆ ಕೂಡ. ಸದ್ದು ಹೆಚ್ಚಾದಾಗ ಓಟವೂ ಹೆಚ್ಚಾಯಿತೆಂದು ಕಿವಿ ನಂಬುತ್ತದೆ, ಅಷ್ಟೇ.

ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದ ವಾರಗಳಲ್ಲಿ ಈ ಗಾಡಿಗೆ ಹೊಲದ ದಾರಿಯಲ್ಲಿ ಕೆಲಸವಿಲ್ಲದ್ದರಿಂದ ಅದನ್ನು ಮನೆಯಲ್ಲಿಡುವ ಕ್ರಮವನ್ನೂ ಹೇಳಬೇಕು. ಇಂದಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆತಿದ್ದು, ಎಥನಾಲು ತೇವವನ್ನು ಹೀರುವ ವಸ್ತುವಾದ್ದರಿಂದ, ಅರ್ಧ ಖಾಲಿಯಿರುವ ಟ್ಯಾಂಕಿನ ಮೇಲ್ಭಾಗದ ಗಾಳಿಯಿಂದ ನೀರು ಸೇರಿ ತಗಡಿಗೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಟ್ಯಾಂಕನ್ನು ತುಂಬಿಸಿಯೇ ನಿಲ್ಲಿಸಬೇಕು. ಚೈನಿಗೆ ಲೂಬ್ ಹಾಕಿ, ಬ್ಯಾಟರಿಯ ಕಪ್ಪು ತಂತಿಯನ್ನು ಕಳಚಿ, ಟೈರಿನ ಒಂದೇ ಜಾಗಕ್ಕೆ ಭಾರ ಬೀಳದಂತೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆತ್ತಿ, ಇಲಿಗಳು ವೈರು ಕಡಿಯದಂತೆ ಭತ್ತದ ಚೀಲಗಳಿಂದ ದೂರ ಇಡಬೇಕು. ಸೈಲೆನ್ಸರಿನ ಬಾಯಿಗೆ ಬಟ್ಟೆಯ ಉಂಡೆಯನ್ನು ತುರುಕಿ, ಅದನ್ನು, ನಾಟಿ ಮುಗಿದ ಮೇಲೆ ಸ್ಟಾರ್ಟ್ ಮಾಡುವ ಮೊದಲು, ನೆನಪಿಟ್ಟು ತೆಗೆಯಬೇಕು.